ದನಿ ಮಾರ್ಪಟ್ಟಿತೋ, ಮಾರಾಟವಾಯಿತೋ?

ನಾವು ಪ್ರೀತಿಸಿದ ಹಾಡುಗಾರ ತನ್ನ ದನಿ ಬದಲಿಸಿಕೊಂಡರೆ ಅವನನ್ನು ದ್ರೋಹಿ ಎನ್ನುವ ಹಕ್ಕು ನಮಗುಂಟೆ? ಹೊಟ್ಟೆಗೆ ಹಿಟ್ಟಿಲ್ಲದ ಜನರಿರುವ ನಾಡಿನಲ್ಲಿ ಇದೂ ಒಂದು ಪ್ರಶ್ನೆಯಾ ಎಂದು ಕೇಳುವವರಿದ್ದಾರೆ. ಇರಲಿ. ಈ ಪ್ರಶ್ನೆಗಾಗಿ ನಮ್ಮ ಹಾಸ್ಟೆಲಿನ ಒಂದು ಕೋಣೆಯಲ್ಲಿ ಮೂರು ವಾರ ಒಬ್ಬರಿಗೊಬ್ಬರು ಮಾತು ಬಿಟ್ಟವರು ನಾವು. ಹಾಡಿನ ಜಗಳವಾಗಿ ಶುರುವಾದದ್ದು ನಮ್ಮದೇ ಬದುಕಿನ ಜಗಳವಾಗಿ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇವೆ.

ನಾವು ನಾಲ್ವರು. ನಾಲ್ವರ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು. ಪಿಯುಸಿ ಓದುವಾಗ ಹಾಸ್ಟೆಲಿನ ಹಿರಿಯ ಗೆಳೆಯನೊಬ್ಬ ಕೋಣೆ ಬಿಟ್ಟು ಹೋಗುವಾಗ ತನ್ನ ಹಳೆಯ ಫೋನಿನ ಮೆಮೊರಿ ಕಾರ್ಡನ್ನು ನಮಗೆ ಕೊಟ್ಟು ಹೋದ. ಅದರಲ್ಲಿ ಬಾಬಾಸಾಹೇಬರ ಹಾಡುಗಳಿದ್ದವು, ಸಿನಿಮಾ ಹಾಡುಗಳಿದ್ದವು, ಕೊನೆಗೆ ಹೆಸರಿಲ್ಲದೆ ಬರೀ ನಂಬರು ಬಿದ್ದಿದ್ದ ಒಂಬತ್ತು ಹಾಡುಗಳಿದ್ದವು. ಯಾವ ದೇಶದವು, ಯಾರು ಹಾಡಿದ್ದು, ಒಂದೂ ತಿಳಿಯದು. ಇಂಗ್ಲಿಷಿನಂತೆ ಇತ್ತು, ಇಂಗ್ಲಿಷ್ ಆಗಿರಲಿಲ್ಲ. ನಮ್ಮ ಲೆಕ್ಚರರು ಆಡುವ ಇಂಗ್ಲಿಷಂತೂ ಅಲ್ಲವೇ ಅಲ್ಲ. ಆದರೆ ಅದರ ತಳದ ಸದ್ದು ಮಾತ್ರ ನಮಗೆ ಗೊತ್ತಿತ್ತು. ಹಬ್ಬದ ರಾತ್ರಿ ಕೇರಿಯ ಮನೆಯೊಳಗೆ ಮಲಗಿದ್ದಾಗ ದೂರದ ಮಾರಿಗುಡಿಯಿಂದ ನೆಲದೊಳಗೇ ಹರಿದು ಬರುವ ಸದ್ದು ಅದು. ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು.

ಅವು ದಿ ವೇಲರ್ಸ್ ತಂಡದ ಹಾಡುಗಳೆಂದು, 1973ರ ಏಪ್ರಿಲ್‌ನಲ್ಲಿ ಬಂದ 'ಕ್ಯಾಚ್ ಎ ಫೈರ್' ಎಂಬ ಒಂದಿಡೀ ಆಲ್ಬಂ ಎಂದು ಆಮೇಲೆ ತಿಳಿಯಿತು. ಬಾಬ್ ಮಾರ್ಲಿ, ಪೀಟರ್ ಟಾಶ್, ಬನ್ನಿ ವೇಲರ್. ಮೂವರೂ ಜಮೈಕಾದ ಕಿಂಗ್‌ಸ್ಟನ್ ನಗರದ ಟ್ರೆಂಚ್‌ಟೌನ್ ಎಂಬ ಬಡಕೇರಿಯಲ್ಲಿ ಒಟ್ಟಿಗೆ ಹಾಡು ಕಲಿತವರು. ಹಲವು ಮನೆಗೆ ಒಂದೇ ನಲ್ಲಿ, ಒಂದೇ ಅಡುಗೆಕೋಣೆ ಇದ್ದ ಸರ್ಕಾರಿ ವಠಾರಗಳ ಕೇರಿ ಅದು. ನಾವು ಅವರನ್ನು ಏಕವಚನದಲ್ಲೇ ಕರೆಯುತ್ತೇವೆ, ಅಣ್ಣಂದಿರನ್ನು ಕರೆದ ಹಾಗೆ. ಹತ್ತು ವರ್ಷ ಆಯಿತು. ಪರೀಕ್ಷೆ ಫೇಲಾದಾಗ, ಸ್ಕಾಲರ್‌ಶಿಪ್ ಬಾರದೆ ಮೆಸ್ಸಿನಲ್ಲಿ ತಲೆ ತಗ್ಗಿಸಿ ಕೂತಾಗ, ಇಂಟರ್‌ವ್ಯೂನಲ್ಲಿ ಹೆಸರಿನ ಮುಂದಿನದನ್ನೂ ಕೇಳಿ ತಿಳಿದುಕೊಂಡು ವಾಪಸು ಕಳಿಸಿದಾಗ, ಆ ಒಂಬತ್ತು ಹಾಡು ನಮ್ಮ ಜೊತೆಗಿದ್ದವು. ಬೆರಕೆಯಿಲ್ಲದ ಕರಿಯರ ಹಾಡು, ಯಾವ ಧಣಿಯ ಕೈಯೂ ತಾಗದ ಹಾಡು ಎಂದು ನಾವು ಊರೆಲ್ಲ ಹೇಳಿಕೊಂಡು ತಿರುಗಿದೆವು.

ಆಮೇಲೆ ನಿಜ ಗೊತ್ತಾಯಿತು.

2001ರಲ್ಲಿ ಅದೇ ಆಲ್ಬಮ್ಮಿನ ಇನ್ನೊಂದು ರೂಪ ಹೊರಗೆ ಬಂದಿತ್ತು. ಕಿಂಗ್‌ಸ್ಟನ್‌ನಲ್ಲಿ ಮೊದಲು ಮುದ್ರಿಸಿಕೊಂಡ, ಮೂವತ್ತು ವರ್ಷ ಕಪಾಟಿನಲ್ಲೇ ಉಳಿದ ಅಸಲು ಹಾಡುಗಳು ಅದರಲ್ಲಿದ್ದವು. ಒಂದು ರಾತ್ರಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿದೆವು. ನಾವು ಎದೆಗೊತ್ತಿಕೊಂಡಿದ್ದ 'ಕಾಂಕ್ರೀಟ್ ಜಂಗಲ್' ಹಾಡಿನ ನಡುವೆ ಗಿಟಾರು ಅಳುತ್ತದಲ್ಲ, ಅದು ಕಿಂಗ್‌ಸ್ಟನ್‌ದಲ್ಲ. ವೇಯ್ನ್ ಪರ್ಕಿನ್ಸ್ ಎಂಬ ಅಮೆರಿಕದ ಅಲಬಾಮಾದ ಬಿಳಿಯ ಲಂಡನ್ನಿನ ಸ್ಟುಡಿಯೋದಲ್ಲಿ ಮೇಲಿಂದ ಸೇರಿಸಿದ್ದು. ಕೀಬೋರ್ಡು ನುಡಿಸಿದ ಜಾನ್ ಬಂಡ್ರಿಕ್ ಕೂಡ ಬಿಳಿಯನೇ. ಯುರೋಪು ಅಮೆರಿಕಗಳ ರಾಕ್ ಕೇಳುವ ಹುಡುಗರ ಕಿವಿಗೆ ಒಗ್ಗಲಿ ಎಂದು ಇಡೀ ಆಲ್ಬಮ್ಮನ್ನೇ ಮತ್ತೆ ಹದ ಮಾಡಿದ್ದರು.

ನಮ್ಮಲ್ಲೊಬ್ಬ ಫೋನನ್ನು ಮಂಚದ ಮೇಲೆ ಎಸೆದ. "ನಮ್ಗೂ ಮೋಸ ಮಾಡ್ದ ಕಣ್ರೋ" ಅಂದ. ಇನ್ನೊಬ್ಬ, "ಮೋಸ ಏನ್ ಬಂತು? ಹತ್ತು ವರ್ಷ ಆ ಗಿಟಾರು ಕೇಳಿ ನೀನೇ ಅತ್ತಿಲ್ವಾ?" ಅಂದ. ಮಾತು ಬೆಳೆಯಿತು. ಆ ರಾತ್ರಿ ಯಾರೂ ಊಟ ಮಾಡಲಿಲ್ಲ.

ಮೊದಲು ಮೋಸ ಎಂದವನ ಪಕ್ಷವನ್ನೇ ಹಿಡಿದು ನೋಡೋಣ. ಅವನ ವಾದ ಇಷ್ಟು: ಒಂದು ಅಸಲು ದನಿ ಇರುತ್ತದೆ, ಅದು ನೊಂದವರ ಕೇರಿಯಲ್ಲಿ ಹುಟ್ಟುತ್ತದೆ, ಧಣಿಯ ಕಾಸು ಬಂದು ಅದನ್ನು ಕೆಡಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಅಸಲು ಎಲ್ಲಿದೆ?

ವೇಲರ್ಸ್ ತಂಡ ಕೂಡಿದ್ದು 1963ರಲ್ಲಿ. ಜಮೈಕಾ ಬ್ರಿಟಿಷರಿಂದ ಬಿಡುಗಡೆಯಾಗಿ ಆಗಿನ್ನೂ ಒಂದು ವರ್ಷ. ಅವರ ಮೊದಲ ದೊಡ್ಡ ಹಾಡು 'ಸಿಮ್ಮರ್ ಡೌನ್'. ಅದು ರೆಗ್ಗೆಯೇ ಅಲ್ಲ. ಓಡುವ ನಡೆಯ, ಕಹಳೆ ತುತ್ತೂರಿಗಳ ಸ್ಕಾ. ಆ ಸ್ಕಾ ಆದರೂ ಎಲ್ಲಿಂದ ಬಂತು? ಜಮೈಕಾದ ಹಳ್ಳಿಯ ಹಾಡು ಕುಣಿತಗಳ ಜೊತೆಗೆ ಕಡಲಾಚೆಯ ಅಮೆರಿಕದ ರೇಡಿಯೋದಲ್ಲಿ ತೇಲಿ ಬಂದ ಕರಿಯರ ಹಾಡುಗಳು ಕೂಡಿ ಆದದ್ದು. 1966ರ ಹೊತ್ತಿಗೆ ಆ ಓಟ ನಿಧಾನವಾಯಿತು, ಅದಕ್ಕೆ ರಾಕ್‌ಸ್ಟೆಡಿ ಎಂದರು. 1968ರ ಹೊತ್ತಿಗೆ ರೆಗ್ಗೆ ಆಯಿತು. ಆಮೇಲೆ ಆಸ್ಟನ್ ಬ್ಯಾರೆಟ್ ತನ್ನ ಬೇಸ್ ಗಿಟಾರಿನೊಂದಿಗೆ, ಅವನ ತಮ್ಮ ಕಾರ್ಲ್‌ಟನ್ ತನ್ನ ಡ್ರಮ್ಮಿನೊಂದಿಗೆ ಬಂದು ಸೇರಿದರು. ನಮ್ಮ ಎದೆಗೆ ತಾಗಿದ ಆ ತಳದ ಸದ್ದು ಈ ಅಣ್ಣತಮ್ಮಂದಿರದು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನೋಡಿ. ಒಂದನೆಯ ಪೆಟ್ಟು ಬೀಳಬೇಕಾದ ಜಾಗ ಖಾಲಿ. ಭಾರವಾದ ಪೆಟ್ಟು ಬೀಳುವುದು ಮೂರಕ್ಕೆ. ಇದಕ್ಕೆ ಒನ್ ಡ್ರಾಪ್ ಎನ್ನುತ್ತಾರೆ. ಅಂದರೆ ನಾವು ಅಸಲು ಎಂದುಕೊಂಡದ್ದು ಈ ತಂಡದ ಮೂರನೆಯದೋ ನಾಲ್ಕನೆಯದೋ ಅವತಾರ! 1964ರಲ್ಲಿ 'ಸಿಮ್ಮರ್ ಡೌನ್'ಗೆ ಕುಣಿದ ಕಿಂಗ್‌ಸ್ಟನ್ನಿನ ಹುಡುಗನಿಗೆ ಆ ಓಟ ಬಿಟ್ಟ ದಿನವೇ ತಂಡ ಕೆಟ್ಟುಹೋಯಿತು ಎನಿಸಿರಲಿಕ್ಕೂ ಸಾಕು.

ಇನ್ನೂ ಹಿಂದಕ್ಕೆ ಹೋಗಿ. ರಾಸ್ತಫಾರಿಗಳ ಮೂರು ಚರ್ಮವಾದ್ಯಗಳ ಮೇಳವೊಂದಿದೆ. ಅದರ ಬೇರು ಗುಲಾಮರ ಕಾಲದ ಬುರು ಎಂಬ ಬಡಿತದಲ್ಲಿದೆ. ಕಬ್ಬಿನ ತೋಟದ ಧಣಿಗಳು ಡೋಲಿಗೆ ಹೆದರುತ್ತಿದ್ದರು. ಡೋಲು ಕೇಳಿ ಗುಲಾಮರು ದಂಗೆ ಏಳುತ್ತಾರೆಂದು ನಿಷೇಧ ಹಾಕುತ್ತಿದ್ದರು. ಆದರೆ ಬುರು ಬಡಿತವನ್ನು ಮಾತ್ರ ಬಿಟ್ಟರು. ಯಾಕೆ? ಆ ಬಡಿತಕ್ಕೆ ಕೈ ಬೇಗ ಬೇಗ ಕೆಲಸ ಮಾಡುತ್ತದೆ ಎಂದು! 1838ರಲ್ಲಿ ಪೂರ್ತಿ ಬಿಡುಗಡೆಯಾದ ಮೇಲೆ ಆ ಬಡಿತದವರಿಗೆ ತೋಟದಲ್ಲಿ ಕೆಲಸವಿಲ್ಲ. ಕಾಲಾಂತರದಲ್ಲಿ ಅವರು ಕಿಂಗ್‌ಸ್ಟನ್ನಿನ ಕೊಳೆಗೇರಿ ಸೇರಿದರು. ಅಲ್ಲಿ ಕೌಂಟ್ ಆಸಿಯಂಥ ರಾಸ್ತಫಾರಿ ವಾದ್ಯಗಾರರು ಅವರಿಂದ ಕಲಿತರು. ಧಣಿಯ ಕೆಲಸಕ್ಕೆ ಬಡಿದ ಬಡಿತ ಬಿಡುಗಡೆಯ ಬಡಿತವಾಯಿತು. ನಮ್ಮ ತಮಟೆಯ ಕತೆಯೂ ಇದೇ ಅಲ್ಲವೇನು? ಊರಿನ ಹೆಣಕ್ಕೆ, ಊರಿನ ಜಾತ್ರೆಗೆ, ಡಂಗುರಕ್ಕೆ ಬಿಟ್ಟಿಯಾಗಿ ಬಾರಿಸಿದ ತಮಟೆ ಮುಂದೆ ನಮ್ಮ ಮೆರವಣಿಗೆಗಳ ಮುಂದೆ ನಡೆಯಿತು. ಅದೇ ಚರ್ಮ, ಅದೇ ಕೋಲು. ಯಾರಿಗಾಗಿ ಎಂಬುದು ಬದಲಾಯಿತು.

ಹೀಗಾಗಿ ಅಸಲು ಎಂಬುದನ್ನು ಹುಡುಕಿಕೊಂಡು ಹಿಂದೆ ಹಿಂದೆ ಹೋದರೆ ಕಡೆಗೆ ಸಿಕ್ಕುವುದು ಧಣಿಯ ತೋಟ. ಅಸಲು ಎಂದು ನಾವು ಕರೆಯುವುದು ಬೇರೇನಲ್ಲ, ನಾವು ಮೊದಲು ಕೇಳಿದ್ದು, ಅಷ್ಟೆ. ನಾವು ಮೊದಲು ಕೇಳಿದ್ದು ಲಂಡನ್ನಿನಲ್ಲಿ ತಿದ್ದಿದ್ದನ್ನು. ಅದನ್ನೇ ಅಸಲು ಎಂದು ಹತ್ತು ವರ್ಷ ನಂಬಿದ್ದೆವು.

ಹಾಗಾದರೆ ಎಲ್ಲ ಬದಲಾವಣೆಯೂ ಸರಿಯೆ? ಅದೂ ಅಲ್ಲ. ಇಲ್ಲಿ ನಮ್ಮ ಎರಡನೆಯ ಗೆಳೆಯ ಎಡವಿದ. ಎಲ್ಲವೂ ಬದಲಾಗುತ್ತದೆ ಎಂಬುದರಿಂದ ಯಾವ ಬದಲಾವಣೆಯನ್ನೂ ಪ್ರಶ್ನಿಸಬಾರದು ಎಂಬುದು ಹುಟ್ಟುವುದಿಲ್ಲ. ನದಿ ತಾನಾಗಿ ದಿಕ್ಕು ಬದಲಿಸುವುದು ಬೇರೆ, ಯಾರೋ ಅಡ್ಡಗಟ್ಟೆ ಕಟ್ಟಿ ತನ್ನ ಗದ್ದೆಗೆ ತಿರುಗಿಸಿಕೊಳ್ಳುವುದು ಬೇರೆ.

ಲಂಡನ್ನಿನಲ್ಲಿ ಆದದ್ದು ಯಾವುದು? 1972ರಲ್ಲಿ ವೇಲರ್ಸ್ ಲಂಡನ್ನಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಸಿಕ್ಕಿಬಿದ್ದಿದ್ದರು. ಹತ್ತು ವರ್ಷ ಹಾಡಿದ್ದರು, ಜಮೈಕಾದಲ್ಲಿ ಮನೆಮಾತಾಗಿದ್ದರು. ಆದರೂ ಹಾಡಿಸಿಕೊಂಡವರಿಂದ ಅವರ ಕೈಗೆ ಬಂದದ್ದು ಪುಡಿಗಾಸು. ಆಗ ಅವರು ಐಲ್ಯಾಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಬಳಿ ಹೋದರು. ಅವನು ಜಮೈಕಾದ ಸಿರಿವಂತ ಬಿಳಿಯರ ಮನೆತನದವನು. 4000 ಪೌಂಡು ಕೊಟ್ಟು ಆಲ್ಬಂ ಮಾಡಿಕೊಂಡು ಬನ್ನಿ ಎಂದ. ಅವರು ಕಿಂಗ್‌ಸ್ಟನ್‌ಗೆ ಹೋಗಿ ಮಾಡಿಕೊಂಡು ಬಂದರು. ಅದನ್ನು ಲಂಡನ್ನಿನಲ್ಲಿ ತಿದ್ದುವಾಗ ಮಾರ್ಲಿ ಅಲ್ಲೇ ಇದ್ದ. ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ.

ಇದನ್ನು ಏನೆಂದು ಕರೆಯೋಣ? ಸಿರಿವಂತ ಬಿಳಿಯನ ಹುನ್ನಾರ ಎಂದು ಒಂದೇ ಮಾತಲ್ಲಿ ಮುಗಿಸಬಹುದು. ನಮಗೆ ಅಂಥ ಮಾತು ಬಲು ಸಲೀಸು. ಆದರೆ ಬಡಹುಡುಗರು ತಮ್ಮ ದನಿ ದ್ವೀಪ ದಾಟಿ ಹೋಗಲಿ ಎಂದು ಬಯಸಿದ್ದರಲ್ಲಿ ತಪ್ಪೇನು? ದಾಟಿ ಹೋಗದಿದ್ದರೆ ಕರ್ನಾಟಕದ ಒಂದು ಸರ್ಕಾರಿ ಹಾಸ್ಟೆಲಿನ ಕೋಣೆಗೆ ಅದು ಬರುತ್ತಿತ್ತೇನು? ನಾವು ಮೋಸ ಎಂದು ಬೈಯುವ ಆ ಗಿಟಾರೇ ನಮ್ಮತನಕ ಬರಲು ಆ ಹಾಡಿಗೆ ಸಿಕ್ಕ ಬಸ್ ಚಾರ್ಜು. ಇಷ್ಟು ಒಪ್ಪಿಕೊಂಡ ಮೇಲೂ ಬಾಯಲ್ಲಿ ಒಂದು ಕಹಿ ಉಳಿಯುತ್ತದೆ. ಬಸ್ ಚಾರ್ಜು ಯಾವಾಗಲೂ ನಾವೇ ಏಕೆ ಕೊಡಬೇಕು? ರಾಕ್ ಕೇಳುವ ಹುಡುಗರೇ ಟ್ರೆಂಚ್‌ಟೌನಿನ ಕಿವಿ ಕಲಿಯಲಿ ಎಂದು ಯಾವ ಕಂಪನಿಯೂ 4000 ಪೌಂಡು ಕೊಡಲಿಲ್ಲವಲ್ಲ!

ಜಗಳ ಅರ್ಧಕ್ಕೇ ನಿಂತಿರುವಾಗ ಮಾರಿಹಬ್ಬಕ್ಕೆಂದು ಊರಿಗೆ ಹೋದೆವು. ಅಲ್ಲಿ ನಮ್ಮ ದೊಡ್ಡಪ್ಪ ಇದ್ದಾನೆ. ನಲವತ್ತು ವರ್ಷದಿಂದ ತಮಟೆ ಬಾರಿಸುವವನು. ನಾವು ಮೊಟ್ಟಮೊದಲು ಅಭಿಮಾನಿಗಳಾದದ್ದು ಅವನ ಮೇಳಕ್ಕೇ. ಆ ಸಲ ನೋಡಿದರೆ ಅವನ ಬಗಲಲ್ಲಿ ಚರ್ಮದ ತಮಟೆ ಇಲ್ಲ! ಕಬ್ಬಿಣದ ಬಳೆಗೆ ಬಿಳೀ ಫೈಬರ್ ಹಾಳೆ ಬಿಗಿದ ಹೊಸ ತಮಟೆ. ಸದ್ದು ಟಣ್ ಟಣ್ ಎಂದು ಚುಚ್ಚುತ್ತಿತ್ತು. ಹಳೆಯ ಗುಂಗು ಇಲ್ಲ, ನೆಲದೊಳಗೆ ಹರಿಯುವುದಿಲ್ಲ. ನಾವು ಡಿಗ್ರಿ ಮಾಡಿದವರಲ್ಲವೆ, ತಡೆಯಲಾಗಲಿಲ್ಲ.

"ದೊಡ್ಡಪ್ಪ, ಚರ್ಮದ್ದು ಬಿಟ್ಟು ಇದನ್ಯಾಕೆ ತಂದೆ? ಇದ್ರಲ್ಲಿ ಜೀವಾನೇ ಇಲ್ವಲ್ಲ."

ದೊಡ್ಡಪ್ಪ ಬೀಡಿ ಆರಿಸಿ ನಮ್ಮ ಮುಖ ನೋಡಿದ.

"ಮಳೇಲಿ ನೆಂದ್ರೆ ಚರ್ಮ ಸದ್ದೇ ಮಾಡಾಕಿಲ್ಲ ಕಣ್ ಮಗ. ಕಾಯಿಸ್ಬೇಕು. ಕಾಯ್ಸಕ್ಕೆ ಹುಲ್ಲು ಬೇಕು, ಹುಲ್ಲಿಗೆ ಗೌಡ್ರ ಬಣವೆ ಮುಂದೆ ಕೈ ಕಟ್ಕಂಡು ನಿಂತ್ಕಬೇಕು. ಇದಾದ್ರೆ ಬಗಲಿಗಾಕ್ಕಂಡ್ ಹೋದೆ, ಬಾರಿಸ್ದೆ, ಕಾಸು ಎಣಿಸ್ಕಂಡೆ, ಬಂದೆ. ಯಾರ ಹಂಗೂ ಇಲ್ಲ. ನೀನು ಓದಕ್ಕೋಗಿ ಮಾತು ಬದಲಾಯಿಸ್ಕಂಡು ಬಂದೆ, ನಾನೇನಾರ ಕೇಳಿದ್ನಾ? ನಿಂಗೆ ಚರ್ಮದ ಸದ್ದೇ ಬೇಕು ಅಂದ್ರೆ ನಾಳೆ ಚರ್ಮ ಸುಲಿಯಕ್ಕೆ ಬಾ."

ನಮ್ಮ ಬಾಯಿ ಕಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಅವನೇ ಮೆಲ್ಲಗೆ ಅಂದ: "ಸದ್ದು ಹೋಯ್ತು ಅಂತ ನಂಗೂ ಗೊತ್ತು ಕಣೋ. ನಾನೇನು ಕಿವುಡ್ನಾ?"

ಗೆಳೆಯರೆ, ಹಾಸ್ಟೆಲಿನಲ್ಲಿ ಮೂರು ವಾರ ಓದಿ ವಾದಿಸಿದ್ದಕ್ಕಿಂತ ಹೆಚ್ಚು ಈ ಎರಡು ಮಾತಿನಲ್ಲಿದೆ. ಮೊದಲ ಮಾತು: ನೀನು ಮೆಚ್ಚುವ ಸದ್ದಿನ ಹಿಂದೆ ನನ್ನ ಕೈಕಟ್ಟು ಇದೆ, ಅದನ್ನು ಬಿಡಿಸಿಕೊಳ್ಳುವ ಹಕ್ಕು ನನಗುಂಟು. ಎರಡನೆಯ ಮಾತು: ಬಿಡಿಸಿಕೊಂಡಾಗ ಕಳೆದದ್ದು ಏನು ಎಂಬ ಲೆಕ್ಕವೂ ನನ್ನಲ್ಲುಂಟು. ಈ ಎರಡನ್ನೂ ಒಟ್ಟಿಗೆ ಹಿಡಿಯಲಾರದವನು ಅಭಿಮಾನಿ ಇರಬಹುದು, ನ್ಯಾಯ ಹೇಳುವವನಲ್ಲ. ತಮಟೆ ಹಿಂದೆ ಹೇಗಿತ್ತೋ ಹಾಗೇ ಇರಲಿ, ಬಾರಿಸುವವನೂ ಹಾಗೇ ಇರಲಿ ಎಂದು ಇಷ್ಟು ಕಾಲ ಹೇಳುತ್ತ ಬಂದವರು ಯಾರು? ಊರಿನ ಯಜಮಾನರು. ಅವರಿಗೂ ಹಳೆಯ ಸದ್ದೇ ಬೇಕು. ಆ ರಾತ್ರಿ ನಮ್ಮ ಬಾಯಲ್ಲೂ ಅದೇ ಯಜಮಾನಿಕೆಯ ಮಾತು ಬಂತಲ್ಲ ಎಂದು ನೆನೆದರೆ ಈಗಲೂ ಮೈ ಬೆವರುತ್ತದೆ.

ನೋವಿನ ವಿಷಯದಲ್ಲೂ ನಾವು ಇದೇ ಯಜಮಾನಿಕೆ ನಡೆಸುತ್ತೇವೆ. 1976ರ ಡಿಸೆಂಬರ್ 3ರ ರಾತ್ರಿ ಬಂದೂಕು ಹಿಡಿದವರು ಕಿಂಗ್‌ಸ್ಟನ್ನಿನ ಮಾರ್ಲಿಯ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಅವನ ಹೆಂಡತಿ ರೀಟಾಳ ತಲೆಗೆ ಗುಂಡು ತಾಗಿತು, ಅವನ ಎದೆ ಕೈಗಳಿಗೂ ಪೆಟ್ಟಾಯಿತು. ಎರಡೇ ದಿನದಲ್ಲಿ ಅವನು ಒಪ್ಪಿಕೊಂಡಿದ್ದ ಸಭೆಗೆ ಬಂದು ಹಾಡಿದ. ಆಮೇಲೆ ದೇಶ ಬಿಟ್ಟು ಲಂಡನ್ನಿಗೆ ಹೋದ. 1977ರಲ್ಲಿ 'ಎಕ್ಸೋಡಸ್' ಬಂತು, 1978ರಲ್ಲಿ 'ಕಾಯಾ' ಬಂತು. 'ಕಾಯಾ' ತುಂಬ ಪ್ರೀತಿಯ ಹಾಡು, ಗಾಂಜಾದ ಹಾಡು, ಬಿಸಿಲು ಮಳೆಯ ಹಾಡು. ಮಾರ್ಲಿ ಮೆತ್ತಗಾದ, ಕ್ರಾಂತಿ ಬಿಟ್ಟ ಎಂದು ವಿಮರ್ಶಕರು ಬರೆದರು. ನಾವೂ ನಮ್ಮ ಕೋಣೆಯಲ್ಲಿ 'ಕಾಯಾ' ಹಾಕಲು ಬಿಡುತ್ತಿರಲಿಲ್ಲ. ಆದರೆ 'ಎಕ್ಸೋಡಸ್' ಹಾಡುಗಳೂ 'ಕಾಯಾ' ಹಾಡುಗಳೂ ಲಂಡನ್ನಿನಲ್ಲಿ ಒಂದೇ ಸಮಯದಲ್ಲಿ, ಒಂದೇ ಸ್ಟುಡಿಯೋ ದಿನಗಳಲ್ಲಿ ಹಾಡಿದವು! ಗಟ್ಟಿ ಮಾರ್ಲಿ ಹೋಗಿ ಮೆತ್ತನೆಯ ಮಾರ್ಲಿ ಬಂದದ್ದಲ್ಲ. ಇಬ್ಬರೂ ಒಂದೇ ಎದೆಯಲ್ಲಿ ಒಂದೇ ತಿಂಗಳು ಇದ್ದರು. ಗುಂಡೇಟು ತಿಂದು ಬದುಕಿದವನು ಬಿಸಿಲು ಕಂಡು ಹಿಗ್ಗಿದರೆ ಅದು ಯಾವ ದ್ರೋಹ? ನೊಂದವನು ಯಾವಾಗಲೂ ಕೂಗುತ್ತಲೇ ಇರಬೇಕು, ಪ್ರೀತಿಸಬಾರದು, ನಗಬಾರದು ಎಂಬುದೂ ಒಂದು ಸರಪಳಿಯೇ. ನಮ್ಮ ಕವಿಗಳಿಗೂ ಇದನ್ನೇ ತೊಡಿಸುತ್ತೇವೆ. ದಲಿತ ಕವಿ ಮಲ್ಲಿಗೆ ಎಂದರೆ ಮುಖ ಸಿಂಡರಿಸುತ್ತೇವೆ.

1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್ನಿನಲ್ಲಿ ಶಾಂತಿಗಾಗಿ ಒಂದು ದೊಡ್ಡ ಹಾಡಿನ ಸಭೆ ನಡೆಯಿತು. ಒಂದೇ ವೇದಿಕೆಗೆ ಹಳೆಯ ಗೆಳೆಯರು ಬೇರೆ ಬೇರೆಯಾಗಿ ಬಂದರು. ಪೀಟರನೂ ಬನ್ನಿಯೂ 1974ರ ಹೊತ್ತಿಗೇ ತಂಡ ಬಿಟ್ಟಿದ್ದರು. ತಂಡದ ಹೆಸರಿನ ಮುಂದೆ ಮಾರ್ಲಿಯ ಹೆಸರು ಬಂದು ಕೂತಿತ್ತು. ಅಂದು ಪೀಟರ್ ಟಾಶ್ ಆಳುವವರನ್ನು ಎದುರಿಗೇ ಕೂರಿಸಿಕೊಂಡು ತರಾಟೆಗೆ ತೆಗೆದುಕೊಂಡ. ಮಾರ್ಲಿಯಾದರೋ ಬದ್ಧವೈರಿಗಳಾದ ಮೈಕೆಲ್ ಮ್ಯಾನ್ಲಿ, ಎಡ್ವರ್ಡ್ ಸಿಯಾಗ ಇಬ್ಬರನ್ನೂ ವೇದಿಕೆಗೆ ಕರೆದು ಅವರ ಕೈ ಜೋಡಿಸಿದ. ಅದೇ ವರ್ಷ ಪೊಲೀಸರು ಪೀಟರನನ್ನು ಹಿಡಿದು ಸಾಯುವಂತೆ ಬಡಿದರು. ನಮ್ಮಲ್ಲಿ ಇಬ್ಬರು ಪೀಟರನ ಕಡೆ, ಇಬ್ಬರು ಮಾರ್ಲಿಯ ಕಡೆ. ಇವತ್ತಿಗೂ ಅದು ತೀರ್ಮಾನವಾಗಿಲ್ಲ. ಆದರೆ ಒಂದು ಮಾತು ನಾಲ್ವರೂ ಒಪ್ಪುತ್ತೇವೆ. ಇದು ಗಿಟಾರಿನ ಸದ್ದಿನ ಭೇದವಲ್ಲ, ದಾರಿಯ ಭೇದ. ಸದ್ದು ಬದಲಾಯಿತು ಎಂದು ನಾವು ದೂರುವಾಗ ಎಷ್ಟೋ ಸಲ ಒಳಗೆ ಇರುವುದು ದಾರಿಯ ಜಗಳ. ಅದನ್ನು ನೇರವಾಗಿ ಆಡುವ ಧೈರ್ಯವಿಲ್ಲದೆ ಗಿಟಾರಿನ ಮೇಲೆ ಹಾಕುತ್ತೇವೆ.

ಇನ್ನು ನಿಜವಾದ ಮಾರಾಟದ ಮಾತು.

1979ರಲ್ಲಿ ಮಾರ್ಲಿ 'ಸರ್ವೈವಲ್' ಮಾಡಿದ. ಅದರ ರಟ್ಟಿನ ಮೇಲೆ ಆಫ್ರಿಕದ ದೇಶಗಳ ಬಾವುಟಗಳು, ಜೊತೆಗೆ ಮನುಷ್ಯರನ್ನು ಮೂಟೆಗಳಂತೆ ಒಟ್ಟಿದ್ದ ಗುಲಾಮರ ಹಡಗಿನ ನಕ್ಷೆ. ಅದರಲ್ಲಿದ್ದ 'ಜಿಂಬಾಬ್ವೆ' ಹಾಡನ್ನು 1980ರ ಏಪ್ರಿಲ್‌ನಲ್ಲಿ ಆ ದೇಶ ಬಿಡುಗಡೆಯಾದ ರಾತ್ರಿ ಅಲ್ಲಿಯ ರುಫಾರೊ ಮೈದಾನದಲ್ಲೇ ಹಾಡಿದ. ಒಳಗೆ ಆಹ್ವಾನ ಪಡೆದ ಗಣ್ಯರು, ಹೊರಗೆ ಜನ. ಜನ ಒಳಗೆ ನುಗ್ಗಲು ಬಂದಾಗ ಪೊಲೀಸರು ಅಶ್ರುವಾಯು ಹಾರಿಸಿದರು. ಹಾಡು ನಿಂತಿತು. ಮಾರನೆಯ ದಿನ ತಂಡ ಜನರಿಗಾಗಿಯೇ ಮತ್ತೆ ಹಾಡಿತು. ಅದೇ 1980ರಲ್ಲಿ ಅವನ ಸದ್ದು ಮತ್ತೆ ಬದಲಾಯಿತು. ಅಮೆರಿಕದ ಡಿಸ್ಕೋ ನಡೆ ಅದರೊಳಗೆ ಬಂತು. ಡಿಸ್ಕೋ ಎಂದರೆ ನಮಗೆ ಅಸಹ್ಯ. ಆದರೆ ಅವನ ಸಭೆಗಳಿಗೆ ಅಮೆರಿಕದಲ್ಲಿ ಬಿಳಿಯರೇ ಹೆಚ್ಚು ಬರುತ್ತಿದ್ದರು, ಅಲ್ಲಿಯ ಕರಿಯರು ಬರುತ್ತಿರಲಿಲ್ಲ. ಆ ಕೊರಗು ಅವನಿಗಿತ್ತು. ಅದಕ್ಕೇ 1979ರಲ್ಲಿ ಕರಿಯರ ಹಾರ್ಲೆಮ್ಮಿನ ಅಪೊಲೊ ರಂಗಮಂದಿರದಲ್ಲಿ ಹಾಡಿದ, ಅದಕ್ಕೇ 1980ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಾಮೊಡೋರ್ಸ್ ಎಂಬ ಕರಿಯರ ತಂಡದ ಸಭೆಯಲ್ಲಿ ಅವರಿಗಿಂತ ಮೊದಲು ಹಾಡಲು ಒಪ್ಪಿದ. ಲೋಕವೇ ಬಲ್ಲ ಹಾಡುಗಾರ ಇನ್ನೊಬ್ಬರ ಸಭೆಗೆ ಪೀಠಿಕೆ ಹಾಡುವುದೆಂದರೇನು? ತನ್ನವರ ಕಿವಿ ಹುಡುಕಿಕೊಂಡು ಹೋಗುವುದು. ಆ ಹೊತ್ತಿಗೆ ಕ್ಯಾನ್ಸರ್ ಅವನ ಮೈಯೆಲ್ಲ ಹಬ್ಬಿತ್ತು. 1981ರ ಮೇ 11ರಂದು ತೀರಿಕೊಂಡ. ವಯಸ್ಸು 36.

ಅವನು ಸತ್ತ ಮೂರು ವರ್ಷಕ್ಕೆ, 1984ರಲ್ಲಿ, ಕಂಪನಿ 'ಲೆಜೆಂಡ್' ಎಂಬ ಆಯ್ದ ಹಾಡುಗಳ ಆಲ್ಬಂ ತಂದಿತು. ಎರಡೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ರೆಗ್ಗೆಯಲ್ಲಿ ಅಷ್ಟು ಮಾರಾಟವಾದದ್ದು ಬೇರೊಂದಿಲ್ಲ. ಅದರ ಹದಿನಾಲ್ಕು ಹಾಡುಗಳಲ್ಲಿ 'ಸರ್ವೈವಲ್' ಆಲ್ಬಮ್ಮಿನದು ಒಂದೂ ಇಲ್ಲ! ಗುಲಾಮರ ಹಡಗು ಇಲ್ಲ, ಜಿಂಬಾಬ್ವೆ ಇಲ್ಲ. ಇಲ್ಲಿ ಯಾರೂ ಒಂದು ಗಿಟಾರನ್ನೂ ಹೊಸದಾಗಿ ಸೇರಿಸಬೇಕಾಗಿರಲಿಲ್ಲ. ಬರೀ ಆಯ್ಕೆ ಸಾಕಾಯಿತು. ಇಲ್ಲಿ ದನಿ ಮಾರ್ಪಡಲಿಲ್ಲ, ಮಾರಾಟವಾಯಿತು. ಹಾಡಿದವನು ಬೇಡ ಎನ್ನಲು ಬದುಕಿರಲಿಲ್ಲ. ಆ ಎದೆಗೆ ತಾಗುವ ತಳದ ಸದ್ದು ಕೊಟ್ಟ ಆಸ್ಟನ್ ಬ್ಯಾರೆಟ್ ತನ್ನ ಪಾಲು ಕೇಳಿ ಲಂಡನ್ನಿನ ಹೈಕೋರ್ಟಿಗೆ ಹೋದ. ಹಿಂದೆ ಆಗಿದ್ದ ಒಪ್ಪಂದದ ಕಾರಣದಿಂದ 2006ರಲ್ಲಿ ಅವನ ದಾವೆ ವಜಾ ಆಯಿತು. ತಮ್ಮ ಕಾರ್ಲ್‌ಟನ್, ಗೆಳೆಯ ಪೀಟರ್ ಇಬ್ಬರೂ 1987ರಲ್ಲೇ ಕೊಲೆಯಾಗಿದ್ದರು. ಬನ್ನಿ 2021ರಲ್ಲಿ, ಆಸ್ಟನ್ 2024ರಲ್ಲಿ ತೀರಿಕೊಂಡರು. 2018ರಲ್ಲಿ ಯುನೆಸ್ಕೋ ರೆಗ್ಗೆಯನ್ನು ಮಾನವಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದಕ್ಕೆ ಹಿಗ್ಗೋಣ. ಹಿಗ್ಗುತ್ತಲೇ ಪಾಲಿನ ಲೆಕ್ಕವನ್ನೂ ಕೇಳೋಣ.

ಆದ್ದರಿಂದ ನಾಲ್ವರೂ ಕೂತು, ಮಾತು ಕೂಡಿಸಿಕೊಂಡು, ಇಷ್ಟು ತೀರ್ಮಾನಕ್ಕೆ ಬಂದೆವು. ದನಿ ಬದಲಾದಾಗ ಅಸಲೋ ನಕಲಿಯೋ ಎಂದು ಕೇಳುವುದು ದಂಡ. ಕೇಳಬೇಕಾದ್ದು ಮೂರು. ಬದಲಿಸಿದ ಕೈ ಯಾರದು, ಹಾಡಿದವನದೋ ಅವನ ಮೇಲೆ ಕೂತವನದೋ? ಯಾರ ಕಿವಿಗಾಗಿ ಬದಲಾಯಿತು? ಬದಲಾದಾಗ ಯಾರ ಹೆಸರು, ಯಾರ ಪಾಲು, ಯಾವ ನೆನಪು ಬಿಟ್ಟುಹೋಯಿತು? ಈ ಮೂರಕ್ಕೂ ಬರುವ ಉತ್ತರ ಬೇರೆ ಬೇರೆ ಇರಬಹುದು. 'ಕ್ಯಾಚ್ ಎ ಫೈರ್'ಗೆ ಒಂದು ಉತ್ತರ, 'ಲೆಜೆಂಡ್'ಗೆ ಇನ್ನೊಂದು. ದೊಡ್ಡಪ್ಪನ ಫೈಬರ್ ತಮಟೆಗೆ ಮತ್ತೊಂದು.

ಕೇಳುಗನ ಹಕ್ಕು? ಉಂಟು. ಆದರೆ ಅದು ಒಡೆತನದ ಹಕ್ಕಲ್ಲ, ನಂಟಿನ ಹಕ್ಕು. ಒಡೆಯ, "ಹಿಂದಿನ ಹಾಗೇ ಬಾರಿಸೋ" ಎನ್ನುತ್ತಾನೆ. ನಂಟ, "ಎಲ್ಲಿಗೆ ಹೊರಟೆಯಪ್ಪಾ?" ಎಂದು ಕೇಳುತ್ತಾನೆ. ಮೊದಲನೆಯದಕ್ಕೆ ಹಾಡುಗಾರ ತಲೆ ಬಾಗಬೇಕಿಲ್ಲ. ಎರಡನೆಯದಕ್ಕೆ ಉತ್ತರ ಕೊಡದೆ ಹೋಗುವಂತಿಲ್ಲ.

ಇದನ್ನು ನಾವು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ಅದನ್ನು ಮುಚ್ಚಿಟ್ಟರೆ ಈ ಬರಹವೇ ಸುಳ್ಳಾಗುತ್ತದೆ. ಹಬ್ಬ ಮುಗಿಸಿ ಹೊರಡುವ ಮುಂಚೆ, ಒಂದು ಪತ್ರಿಕೆಯಲ್ಲಿ ಅಚ್ಚಾದ ನಮ್ಮ ಕವಿತೆಯನ್ನು ಅವ್ವನಿಗೆ ಓದಿ ಹೇಳಿದೆವು. ಅವಳು ಸೊಪ್ಪು ಸೋಸುತ್ತ ಕೇಳಿದಳು. ಚಿಕ್ಕಂದಿನಲ್ಲಿ ನಾವು ಕಟ್ಟಿದ ಪದಗಳನ್ನು ಕಳೆ ಕೀಳುವಾಗ ನಾಲ್ಕು ಹೆಂಗಸರ ಮುಂದೆ ಹಾಡಿದವಳು ಅವಳು. ನಮ್ಮ ಮೊದಲ ಅಭಿಮಾನಿ. ಕವಿತೆ ಮುಗಿದ ಮೇಲೆ ಕೇಳಿದಳು: "ಚೆನ್ನಾಗೈತೆ ಕಣಪ್ಪ. ಇದು ಯಾರು ಬರ್ದಿದ್ದು?"

ನಮ್ಮದೇ ಎಂದು ಹೇಳಲು ನಾಲಗೆ ಏಳಲಿಲ್ಲ. ಅದರಲ್ಲಿದ್ದ ಸಂವೇದನೆ, ಅಸ್ಮಿತೆ, ರೂಪಕ ಯಾವುದೂ ಅವಳ ಕೈಗೆ ಎಟುಕುವಂತೆ ಇರಲಿಲ್ಲ. ಲಂಡನ್ನಿನ ಗಿಟಾರನ್ನು ನಾವೂ ಸೇರಿಸಿಕೊಂಡಿದ್ದೆವು. ಯಾರ ಕಿವಿಗಾಗಿ? ಅವ್ವನ ಕಿವಿಗಂತೂ ಅಲ್ಲ. ಹಾಗೆಂದು ಕಲಿತದ್ದನ್ನು ಮರೆತು ಹಳೆಯ ಪದಕ್ಕೇ ವಾಪಸು ಹೋಗಲಾರೆವು. ಹೋಗಲೂಬಾರದು. ಈ ಭಾಷೆ ಕಲಿಯಲೆಂದೇ ಅವಳು ತನ್ನ ಮೂಗುತಿ ಅಡವಿಟ್ಟು ಕಾಲೇಜಿಗೆ ಕಳಿಸಿದ್ದು. ದನಿ ಬದಲಾಗಲೇಬೇಕಿತ್ತು, ಬದಲಾಗಿದೆ. ಆದರೆ ಬದಲಾದ ದನಿ ಅವಳ ಕಿವಿಗೂ ತಲುಪುವ ಹಾಗೆ ಮಾಡುವ ಕೆಲಸ ಬಾಕಿ ಇದೆ. ಮಾರ್ಲಿ ಹಾರ್ಲೆಮ್ಮಿಗೆ ಹೋದ ಹಾಗೆ ನಾವೂ ಆ ಸೊಪ್ಪಿನ ಮೊರದ ತನಕ ನಡೆದು ಹೋಗಬೇಕಿದೆ.

ಹಾಸ್ಟೆಲಿಗೆ ಬಂದ ರಾತ್ರಿ ಆ ಒಂಬತ್ತು ಹಾಡನ್ನೂ ಮತ್ತೆ ಹಾಕಿದೆವು. ಕಿಂಗ್‌ಸ್ಟನ್‌ದೂ ಕೇಳಿದೆವು, ಲಂಡನ್‌ದೂ ಕೇಳಿದೆವು. ಯಾರೂ ಫೋನು ಎಸೆಯಲಿಲ್ಲ. ಎರಡರ ತಳದಲ್ಲೂ ಆ ಬ್ಯಾರೆಟ್ ಅಣ್ಣತಮ್ಮಂದಿರ ಪೆಟ್ಟು ಹಾಗೇ ಇತ್ತು, ಮೂರಕ್ಕೆ ಬೀಳುತ್ತಿತ್ತು. ಊರಲ್ಲಿ ಅವ್ವ ಇನ್ನೂ ಕೇಳುತ್ತಿದ್ದಾಳೆ: ಇದು ಯಾರು ಬರೆದದ್ದು? ಮುಂದಿನ ಕವಿತೆ ಓದಿ ಮುಗಿಸಿದಾಗ ಅವಳು ಆ ಪ್ರಶ್ನೆ ಕೇಳದ ಹಾಗೆ ಬರೆಯಬೇಕು. ಗೆಳೆಯರೆ, ನಿಮ್ಮ ನಿಮ್ಮ ಊರಲ್ಲೂ ಒಬ್ಬ ಅವ್ವ ಹೀಗೆ ಕೇಳುತ್ತ ಕೂತಿದ್ದಾಳೆ. ಹೋಗಿ ಓದಿ ಹೇಳಿ. ಅವಳೇನೆಂದಳು ಎಂದು ನಮಗೂ ಬರೆಯಿರಿ.